ಗಂಟಲು ಕ್ಯಾನ್ಸರ್ ಆಪರೇಷನ್ ಆದ ಮೇಲೆ: ಕಲಬುರಗಿಯ ಬಿಸಿಲು, ಧೂಳು, ರೊಟ್ಟಿಯ ನಡುವೆ ಚೇತರಿಕೆ

ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಒಂದು ಡಿಸ್ಚಾರ್ಜ್ ಕಾಗದ ಕೊಡುತ್ತಾರೆ. ಧೂಳಿನಿಂದ ದೂರ ಇರಿ, ಮೆತ್ತಗಿನ ಊಟ ಕೊಡಿ, ಪೈಪ್ (ಉಸಿರಾಡಲು ಕುತ್ತಿಗೆಯ ತೂತಿನಲ್ಲಿ ಕೂರಿಸುವ ನಳಿಗೆ) ಸ್ವಚ್ಛ ಇಡಿ ಅಂತ ನಾಲ್ಕು ಸಾಲು ಅದರಲ್ಲಿ ಇರುತ್ತವೆ. ಎಲ್ಲವೂ ಸರಿಯೇ. ಆದರೆ ಏಪ್ರಿಲ್-ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಊರು ನಮ್ಮದು. ಒಂದು ಕಡೆ ತೊಗರಿ ರಾಶಿಯ ಹೊಟ್ಟು, ಇನ್ನೊಂದು ಕಡೆ ಶಹಾಬಾದ್ ಕಲ್ಲಿನ ಪುಡಿ, ವಾಡಿ-ಸೇಡಂ ಕಡೆ ಸಿಮೆಂಟು. ಊಟ ಅಂದರೆ ಕಟಕಟ ಅನ್ನುವ ಜೋಳದ ರೊಟ್ಟಿ, ಮೇಲೆ ಖಾರದ ಶೇಂಗಾ ಚಟ್ನಿ. ಆ ನಾಲ್ಕು ಸಾಲನ್ನು ಈ ಊರಿನ ಮನೆಯೊಳಗೆ ನಡೆಸುವುದು ಹೇಗೆ ಅನ್ನುವುದೇ ಈ ಲೇಖನ. ನಮ್ಮ ಕಾಕಾನನ್ನು ನೋಡಿಕೊಂಡಾಗ ವೈದ್ಯರು, ನರ್ಸ್‌ಗಳು ಹೇಳಿಕೊಟ್ಟದ್ದು ಇದರಲ್ಲಿ ಜಾಸ್ತಿ ಇದೆ. ನಿಮ್ಮ ವೈದ್ಯರು ಬೇರೆ ಹೇಳಿದ್ದರೆ ಅವರ ಮಾತೇ ಮೊದಲು.

ಮೊದಲು ಕೇಳಿಕೊಳ್ಳಿ: ಆದದ್ದು ಯಾವ ಆಪರೇಷನ್?

ಇದನ್ನು ಕೇಳದೆ ಆಸ್ಪತ್ರೆಯಿಂದ ಹೊರಡಬೇಡಿ. ಎಲ್ಲರೂ ಸುಮ್ನೆ "ಗಂಟಲು ಆಪರೇಷನ್" ಅನ್ನುತ್ತಾರೆ. ಒಳಗೆ ಆದದ್ದು ಒಂದೊಂದು ಥರ.

ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆದಿದ್ದರೆ, ಶ್ವಾಸನಾಳದ ತುದಿಯನ್ನು ಕುತ್ತಿಗೆಯ ಮುಂಭಾಗಕ್ಕೆ ತಂದು ಹೊಲಿದಿರುತ್ತಾರೆ. ಆ ತೂತು ಜೀವನಪೂರ್ತಿ ಇರುತ್ತದೆ. ಉಸಿರು ಅಲ್ಲಿಂದಲೇ. ಮೂಗು, ಬಾಯಿಗೂ ಶ್ವಾಸಕೋಶಕ್ಕೂ ಇನ್ನು ಸಂಬಂಧ ಇಲ್ಲ. ಅರ್ಧ ಭಾಗ ಮಾತ್ರ ತೆಗೆದಿದ್ದರೆ, ಕುತ್ತಿಗೆಯ ಪೈಪ್ ತಾತ್ಕಾಲಿಕ ಆಗಿರಬಹುದು. ಅಂಥವರಿಗೆ ನೀರು, ಊಟ ಶ್ವಾಸನಾಳಕ್ಕೆ ಇಳಿಯುವ ಅಪಾಯ ಇದೆ. ನುಂಗುವ ಪದ್ಧತಿಯನ್ನು ಅವರು ಬೇರೆಯಾಗಿಯೇ ಕಲಿಯಬೇಕು. ಮುಂದೆ ಬರೆದದ್ದರಲ್ಲಿ ಹೆಚ್ಚಿನದು ಪೂರ್ತಿ ತೆಗೆದವರಿಗೆ. ಪೈಪ್ ಆರೈಕೆ ಮಾತ್ರ ಇಬ್ಬರಿಗೂ ಹೊಂದುತ್ತದೆ.

ಹೊರಡುವ ಮೊದಲು ಇನ್ನೊಂದು ಕೆಲಸ. ಮನೆಯ ಇಬ್ಬರಾದರೂ ನರ್ಸ್ ಎದುರಿಗೇ ಪೈಪ್ ತೆಗೆದು, ತೊಳೆದು, ಹಾಕಿ ತೋರಿಸಬೇಕು. ನೋಡಿದರೆ ಸಾಲದು, ಕೈಯಿಂದ ಮಾಡಬೇಕು. ಒಬ್ಬರೇ ಕಲಿತರೆ ಆ ಒಬ್ಬರು ಲಗ್ನಕ್ಕೆ ಹೋದ ದಿನವೇ ತೊಂದರೆ ಬರುತ್ತದೆ.

ಉಸಿರಿನ ಕೆಲಸ

ಇಷ್ಟು ದಿನ ಮೂಗು ಮೂರು ಕೆಲಸ ಮಾಡುತ್ತಿತ್ತು. ಗಾಳಿಯನ್ನು ಸೋಸುತ್ತಿತ್ತು, ಬೆಚ್ಚಗೆ ಮಾಡುತ್ತಿತ್ತು, ತೇವ ಕೊಡುತ್ತಿತ್ತು. ಈಗ ಒಣ ಗಾಳಿ ನೇರ ಶ್ವಾಸಕೋಶಕ್ಕೆ ಹೋಗುತ್ತದೆ. ಅದಕ್ಕೇ ಮೊದಲ ತಿಂಗಳುಗಳಲ್ಲಿ ಕಫ ಜಾಸ್ತಿ, ಕೆಮ್ಮು ಜಾಸ್ತಿ. ಕಫ ಒಣಗಿ ಗಟ್ಟಿಯಾಗಿ ಪೈಪಿನೊಳಗೆ ಕಟ್ಟಿಕೊಂಡರೆ ಉಸಿರೇ ನಿಲ್ಲಬಹುದು. ಮನೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಹೆದರಬೇಕಾದದ್ದು ಇದಕ್ಕೆ.

ಪೈಪ್ ತೊಳೆಯುವ ಕ್ರಮ:

1. ಸೋಪಿನಿಂದ ಕೈ ತೊಳೆಯಿರಿ. ಬೆಳಕಿರುವ ಕಡೆ, ಕನ್ನಡಿ ಮುಂದೆ ಕೂರಿಸಿ.
2. ಒಂದರೊಳಗೆ ಒಂದು ಕೂತಿರುವ ಎರಡು ಪೈಪಿನಲ್ಲಿ ಒಳಗಿನದನ್ನು ಮಾತ್ರ ಬಿಡಿಸಿ ತೆಗೆಯಿರಿ. ಹೊರಗಿನದನ್ನು ವೈದ್ಯರು ಹೇಳಿಕೊಡುವ ತನಕ ಮುಟ್ಟಬೇಡಿ.
3. ಕುದಿಸಿ ಆರಿಸಿದ ನೀರಿನಲ್ಲಿ ಸಣ್ಣ ಬ್ರಷ್‌ನಿಂದ ಒಳಗೆಲ್ಲ ತಿಕ್ಕಿ. ಬೆಳಕಿಗೆ ಹಿಡಿದು ಆರಪಾರ ಕಾಣುತ್ತದೆಯೇ ನೋಡಿ. ಲೋಹದ ಪೈಪನ್ನು ಕುದಿಸಬಹುದು. ಪ್ಲಾಸ್ಟಿಕ್ಕಿನದನ್ನು ಕುದಿಸಿದರೆ ಕೆಡುತ್ತದೆ.
4. ತೂತಿನ ಸುತ್ತ ಸೈಲೈನ್‌ನಲ್ಲಿ ಅದ್ದಿದ ಗಾಜ್ ಬಟ್ಟೆಯಿಂದ ಒರೆಸಿ. ಹತ್ತಿ ಬೇಡ, ಎಳೆ ಬಿಡಿಸಿಕೊಂಡು ಒಳಗೆ ಹೋಗುತ್ತದೆ.
5. ಪೈಪ್ ಹಾಕಿ, ಪಟ್ಟಿ ಕಟ್ಟಿ. ಪಟ್ಟಿಯ ಕೆಳಗೆ ಒಂದು ಬೆರಳು ಹೋಗುವಷ್ಟು ಸಡಿಲ ಇರಲಿ.

ಶುರುವಿನಲ್ಲಿ ಮೂರು-ನಾಲ್ಕು ತಾಸಿಗೊಮ್ಮೆ ತೊಳೆಯಬೇಕಾಗಬಹುದು. ಕಫ ಕಡಿಮೆಯಾದಂತೆ ದಿನಕ್ಕೆ ಎರಡು-ಮೂರು ಸಲ ಸಾಕು. ಉಸಿರಿನಲ್ಲಿ ಸಿಳ್ಳೆಯಂಥ ಸದ್ದು ಬಂದರೆ ಗಡಿಯಾರ ನೋಡಬೇಡಿ, ಆಗಲೇ ತೆಗೆದು ನೋಡಿ. ಕಫ ಗಟ್ಟಿ ಇದ್ದರೆ ವೈದ್ಯರು ಹೇಳಿದಷ್ಟು ಸೈಲೈನ್ ಹನಿಗಳನ್ನು ತೂತಿಗೆ ಬಿಟ್ಟು ಕೆಮ್ಮಿಸಬೇಕು. ಉಪ್ಪು ನೀರು ಮನೆಯಲ್ಲಿ ಮಾಡುವುದಕ್ಕಿಂತ ಮೆಡಿಕಲ್ ಅಂಗಡಿಯ ಸೈಲೈನ್ ಸಣ್ಣ ಪ್ಯಾಕೆಟ್ ವಾಸಿ. ಒಮ್ಮೆ ಒಡೆದದ್ದನ್ನು ವಾರಗಟ್ಟಲೆ ಇಡಬೇಡಿ.

ಕರೆಂಟು ಹೋಗುವ ಊರಿನಲ್ಲಿದ್ದರೆ ನೆಬ್ಯುಲೈಸರ್ (ಸೈಲೈನನ್ನು ಮಂಜಿನಂತೆ ಮಾಡಿ ಉಸಿರಿಗೆ ಕೊಡುವ ಯಂತ್ರ), ಕಫ ಎಳೆದು ತೆಗೆಯುವ ಸಕ್ಷನ್ ಯಂತ್ರವನ್ನೇ ನಂಬಿ ಕೂರಬೇಡಿ. ಕಾಲಿನಿಂದ ಒತ್ತುವ ಸಕ್ಷನ್ ಪಂಪ್ ಸಿಗುತ್ತದೆ. ಬೇಕಾಗುತ್ತದೆಯೇ ಅಂತ ಮೊದಲೇ ಕೇಳಿಕೊಳ್ಳಿ.

ಬಿಸಿಲು ಮತ್ತು ಧೂಳು

ಬೇಸಿಗೆಯಲ್ಲಿ ನಮ್ಮ ಕಡೆ ಗಾಳಿ ಕಾದು ಒಣಗಿರುತ್ತದೆ. ತೂತಿನ ಮೇಲೆ ತೆಳುವಾದ ಹತ್ತಿ ಬಟ್ಟೆ ಸದಾ ಇರಬೇಕು. ಬೇಸಿಗೆಯಲ್ಲಿ ಅದನ್ನು ಒದ್ದೆ ಮಾಡಿ ಹಿಂಡಿ ಕಟ್ಟಿ. ಹಳೆಯ ಧೋತರದ ಬಟ್ಟೆಯನ್ನು ಎರಡು ಪದರ ಮಾಡಿ ಅಂಚು ಹೊಲಿದರೆ ಚೆನ್ನಾಗಿ ಆಗುತ್ತದೆ. ನೂಲು ಬಿಡುವ ಟವೆಲ್, ಜರಿ ಇರುವ ಸೆರಗು ಬೇಡ. ಗಾಳಿಯ ತೇವ, ಬಿಸಿ ಹಿಡಿದಿಡುವ ಸಣ್ಣ ಫಿಲ್ಟರ್‌ಗಳೂ ಸಿಗುತ್ತವೆ. ಕಫ ಕಡಿಮೆ ಮಾಡುವುದರಲ್ಲಿ ಬಟ್ಟೆಗಿಂತ ಅವು ಎಷ್ಟೋ ಮೇಲು. ಆದರೆ ಮೇಲಿಂದ ಮೇಲೆ ಬದಲಿಸಬೇಕು, ಖರ್ಚಿನ ಬಾಬು.

ಏರ್ ಕೂಲರ್ ಇಲ್ಲದ ಮನೆ ಕಲಬುರಗಿಯಲ್ಲಿ ಕಡಿಮೆ. ಅದರ ತಂಪಾದ ತೇವದ ಗಾಳಿ ಇವರಿಗೆ ಒಳ್ಳೆಯದೇ. ಎರಡು ಎಚ್ಚರಿಕೆ ಅಷ್ಟೇ. ಗಾಳಿ ನೇರ ಕುತ್ತಿಗೆಗೆ ಹೊಡೆಯಬಾರದು. ಕಳೆದ ವರ್ಷದ ಹುಲ್ಲಿನ ಪ್ಯಾಡ್, ಪಾಚಿ ಕಟ್ಟಿದ ನೀರು ಇರಬಾರದು. ಪ್ಯಾಡ್ ಬದಲಿಸಿ, ನೀರನ್ನು ಆಗಾಗ ಚೆಲ್ಲಿ ತುಂಬಿ. ಕೂಲರ್ ಇಲ್ಲದಿದ್ದರೆ ಕಿಟಕಿಗೆ ಒದ್ದೆ ಗೋಣಿ ಕಟ್ಟುವ ಹಳೇ ಪದ್ಧತಿಯೂ ನಡೆಯುತ್ತದೆ. ವೈದ್ಯರು ನೀರಿಗೆ ಮಿತಿ ಹಾಕಿಲ್ಲದಿದ್ದರೆ ದಿನಕ್ಕೆ ಎರಡು ಲೀಟರಿಗಿಂತ ಕಡಿಮೆ ಆಗಬಾರದು.

ತೊಗರಿ ರಾಶಿ ಮಾಡುವ ದಿನಗಳಲ್ಲಿ ಕಣದ ಹತ್ತಿರ ಬಿಡಬೇಡಿ. "ದೂರ ಕೂತು ನೋಡ್ತೀನಿ" ಅನ್ನುತ್ತಾರೆ, ಹೊಟ್ಟು ದೂರಕ್ಕೂ ಬರುತ್ತದೆ. ಶರಣಬಸವೇಶ್ವರ ಜಾತ್ರೆಯ ತೇರಿನ ಗದ್ದಲವೂ ಮೊದಲ ವರ್ಷ ಬೇಡ. ಜನ ಇಲ್ಲದ ದಿನ ಗುಡಿಗೆ ಹೋಗಿ ಬಂದರೆ ಆಯಿತು. ಸೌದೆ ಒಲೆಯ ಹೊಗೆ, ಊದಿನಕಡ್ಡಿ, ಲೋಬಾನ, ಸೊಳ್ಳೆಬತ್ತಿ ಇವೆಲ್ಲ ಅವರ ಕೋಣೆಯಿಂದ ಹೊರಗೆ ಇರಲಿ.

ಸ್ನಾನ ಕುತ್ತಿಗೆಯಿಂದ ಕೆಳಗೆ, ಕೂತುಕೊಂಡು. ತಲೆಗೆ ನೀರು ಹಾಕುವಾಗ ಮುಂದಕ್ಕೆ ಬಗ್ಗಿಸಿ, ತೂತಿಗೆ ಮರೆ ಮಾಡಿ. ಬಾವಿ, ಕೆರೆ, ಭೀಮಾ ನದಿಯ ಈಜು ಇನ್ನು ಇಲ್ಲ. ಇದರಲ್ಲಿ ರಿಯಾಯಿತಿ ಇಲ್ಲ.

ಕ್ಷೌರದ ವಿಷಯ ಯಾರೂ ಹೇಳುವುದಿಲ್ಲ. ಕುತ್ತಿಗೆಯ ಗಂಟುಗಳನ್ನೂ (ಕ್ಯಾನ್ಸರ್ ಹರಡಬಹುದಾದ ದುಗ್ಧಗ್ರಂಥಿಗಳು) ತೆಗೆದಿದ್ದರೆ ಅಲ್ಲಿನ ಚರ್ಮ ಮರಗಟ್ಟಿರುತ್ತದೆ. ಬ್ಲೇಡ್ ತಾಗಿ ರಕ್ತ ಬಂದರೂ ಗೊತ್ತಾಗುವುದಿಲ್ಲ. ಕೂದಲು, ಪೌಡರ್ ಒಳಗೆ ಬೀಳುತ್ತವೆ. ಮನೆಯಲ್ಲೇ ಎಲೆಕ್ಟ್ರಿಕ್ ಶೇವರ್, ತೂತಿನ ಮೇಲೆ ಬಟ್ಟೆ.

ಕೆಮ್ಮು ಬಂದಾಗ ಎಲ್ಲರ ಕೈ ಬಾಯಿಗೇ ಹೋಗುತ್ತದೆ. ಕರವಸ್ತ್ರ ಕುತ್ತಿಗೆಗೆ ಹೋಗಬೇಕು. ಇದು ರೂಢಿಯಾಗಲು ಸಮಯ ಹಿಡಿಯುತ್ತದೆ.

ತಡ ಮಾಡಬಾರದ ಲಕ್ಷಣಗಳು

ಕುತ್ತಿಗೆಯಿಂದ ಅಥವಾ ಪೈಪಿನಿಂದ ಕೆಂಪು ರಕ್ತ ಬಂದರೆ, ಸ್ವಲ್ಪವೇ ಇದ್ದರೂ, ಹೊರಡಿ. ಪೈಪ್ ತೊಳೆದ ಮೇಲೂ ಉಸಿರು ಸಿಗದಿದ್ದರೆ, ಗಾಯದಿಂದ ಜೊಲ್ಲಿನಂಥ ನೀರು ಸೋರಿದರೆ, ಕೆಟ್ಟ ವಾಸನೆ, ಜ್ವರ ಇದ್ದರೆ, ಒಂದು ಕಾಲು ಮಾತ್ರ ಊದಿ ನೋವಾದರೆ ಬೆಳಗಾಗುವ ತನಕ ಕಾಯಬೇಡಿ.

108 ಬಂದಾಗ ಒಂದು ಮಾತು ಜೋರಾಗಿ ಹೇಳಿ: "ಇವರು ಕುತ್ತಿಗೆಯಿಂದ ಉಸಿರಾಡ್ತಾರೆ, ಆಕ್ಸಿಜನ್ ಮಾಸ್ಕ್ ಕುತ್ತಿಗೆಗೆ ಹಿಡೀರಿ." ಧ್ವನಿಪೆಟ್ಟಿಗೆ ಪೂರ್ತಿ ತೆಗೆದವರಿಗೆ ಮೂಗಿಗೆ ಮಾಸ್ಕ್ ಹಾಕಿದರೆ ಗಾಳಿ ಶ್ವಾಸಕೋಶ ತಲುಪುವುದೇ ಇಲ್ಲ. ಇದೇ ಮಾತನ್ನು ದಪ್ಪ ಅಕ್ಷರದಲ್ಲಿ ಕನ್ನಡ, ಹಿಂದಿ, ಇಂಗ್ಲಿಷ್ ಮೂರರಲ್ಲೂ ಬರೆದು, ಲ್ಯಾಮಿನೇಷನ್ ಮಾಡಿ, ಸದಾ ಅವರ ಜೇಬಿನಲ್ಲಿ ಇಡಿ. ಇಲ್ಲಿಂದ ಸೊಲ್ಲಾಪುರ, ಹೈದರಾಬಾದ್‌ಗೆ ಹೋಗುವವರು ಜಾಸ್ತಿ, ದಾರಿಯಲ್ಲಿ ಯಾವ ಭಾಷೆಯವರು ಸಿಗುತ್ತಾರೋ!

ಊಟ: ಮೊದಲು ಮೂಗಿನ ನಳಿಗೆ, ಆಮೇಲೆ ಬಾಯಿ

ಪೂರ್ತಿ ಆಪರೇಷನ್ ಆದವರಿಗೆ ಸಾಮಾನ್ಯವಾಗಿ ಒಂದೆರಡು ವಾರ ಮೂಗಿನ ನಳಿಗೆಯಿಂದಲೇ ಊಟ. ಮೊದಲು ರೇಡಿಯೇಷನ್ ಆಗಿದ್ದವರಿಗೆ ಗಾಯ ಮಾಯಲು ಇನ್ನೂ ತಡ ಆಗಬಹುದು. ವೈದ್ಯರು ಹೇಳುವ ತನಕ ಬಾಯಿಗೆ ಒಂದು ಚಮಚ ನೀರೂ ಬೇಡ. "ಪಾಪ, ಬಾಯಿ ಒಣಗಿದೆ" ಅಂತ ಅಜ್ಜಿಯಂದಿರು ಗುಟ್ಟಾಗಿ ಚಹಾ ಕೊಡುತ್ತಾರೆ. ಒಳಗಿನ ಹೊಲಿಗೆ ಬಿಟ್ಟರೆ ಕುತ್ತಿಗೆಯಿಂದ ಸೋರುತ್ತದೆ, ತಿಂಗಳುಗಟ್ಟಲೆ ಹಿಂದೆ ಬೀಳುತ್ತೀರಿ. ಬಾಯಿ ಮುಕ್ಕಳಿಸಿ ಉಗುಳಬಹುದೇ ಅಂತ ಕೇಳಿಕೊಂಡು ಅದನ್ನು ಮಾಡಿಸಿ.

ನಳಿಗೆಯಲ್ಲಿ ಕೊಡುವಾಗ ಬೆನ್ನಿಗೆ ದಿಂಬು ಕೊಟ್ಟು ಎತ್ತರಿಸಿ ಕೂರಿಸಿ. ಕೊಟ್ಟ ಮೇಲೆ ಅರ್ಧ-ಮುಕ್ಕಾಲು ತಾಸು ಮಲಗಿಸಬೇಡಿ. ಒಂದು ಸಲಕ್ಕೆ 200ರಿಂದ 250 ಎಂಎಲ್, ನಿಧಾನಕ್ಕೆ, ಎರಡು-ಮೂರು ತಾಸಿಗೊಮ್ಮೆ. ಮೊದಲೂ ಕೊನೆಗೂ ಸುಮಾರು 30 ಎಂಎಲ್ ನೀರು ಬಿಟ್ಟು ನಳಿಗೆ ತೊಳೆಯಿರಿ. ನಳಿಗೆ ಮೂಗಿನ ಹತ್ತಿರ ಎಷ್ಟಿದೆ ಅಂತ ಪೆನ್ನಿನಿಂದ ಗುರುತು ಹಾಕಿ. ಜಾರಿ ಹೊರಗೆ ಬಂದರೆ ನೀವೇ ತಳ್ಳಬೇಡಿ, ಹೊಸ ಹೊಲಿಗೆ ಹರಿಯಬಹುದು.

ಏನು ಕೊಡಬೇಕು? ಇಲ್ಲಿ ನಮ್ಮವರ ಒಂದು ತಪ್ಪು ತಿಳಿವಳಿಕೆ ಇದೆ. ಬೇಳೆ ಕಟ್ಟು ಶಕ್ತಿ ಅಂತ ಬರೀ ನೀರು ಬಸಿದು ಕೊಡುತ್ತಾರೆ. ಶಕ್ತಿ ಇರುವುದು ಬೇಳೆಯಲ್ಲಿ. ನಮ್ಮ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು ಅಂತ ಹೆಮ್ಮೆ ಪಡುತ್ತೇವೆ, ರೋಗಿಗೆ ಮಾತ್ರ ಅದರ ನೀರು! ಬೇಳೆಯನ್ನೇ ಮೆತ್ತಗೆ ಬೇಯಿಸಿ, ಅನ್ನದ ಜೊತೆ ಮಿಕ್ಸಿಗೆ ಹಾಕಿ, ತುಪ್ಪ ಸೇರಿಸಿ, ಸಣ್ಣ ಜರಡಿಯಲ್ಲಿ ಸೋಸಿ. ಹಾಲು ಹಾಕಿದ ಜೋಳದ ಅಂಬಲಿ, ರಾಗಿ ಗಂಜಿ, ಬಾಳೆಹಣ್ಣು-ಹಾಲು, ತಿನ್ನುವವರಿಗೆ ಪೂರ್ತಿ ಬೆಂದ ಮೊಟ್ಟೆ ಇವೆಲ್ಲ ನಡೆಯುತ್ತವೆ. ಸಕ್ಕರೆ ಕಾಯಿಲೆ ಇದ್ದರೆ ಡಯಟಿಷಿಯನ್ ಹತ್ತಿರ ಪಟ್ಟಿ ಬರೆಸಿಕೊಳ್ಳಿ. ಬೇಸಿಗೆಯಲ್ಲಿ ಬೆಳಗ್ಗೆ ಮಾಡಿದ ಗಂಜಿ ಮಧ್ಯಾಹ್ನಕ್ಕೆ ಹುಳಿಯುತ್ತದೆ. 40 ಡಿಗ್ರಿ ಸೆಕೆಯಲ್ಲಿ ಒಂದು ತಾಸಿಗಿಂತ ಹೊರಗೆ ಇಟ್ಟದ್ದನ್ನು ಕೊಡಬೇಡಿ.

ಬಾಯಿಂದ ಶುರುವಾದಾಗ ನೀರು, ಎಳನೀರು, ಮಜ್ಜಿಗೆ. ಆಮೇಲೆ ಜೋಳದ ನುಚ್ಚು-ಮಜ್ಜಿಗೆ, ಮೆತ್ತಗಿನ ಅನ್ನ-ಬೇಳೆ, ಗೋಧಿ ಹುಗ್ಗಿ. ಜೋಳದ ರೊಟ್ಟಿ ಬಿಟ್ಟು ಇರಲಾರೆ ಅನ್ನುವವರಿಗೆ ಬಿಸಿ ಮೆತ್ತಗಿನ ರೊಟ್ಟಿಯನ್ನು ಹಾಲಿನಲ್ಲೋ ಬೇಳೆ ಸಾರಿನಲ್ಲೋ ಚೂರು ಮಾಡಿ ನೆನೆಸಿ, ಕಿವುಚಿ ಕೊಡಬಹುದು. ಕಟಕ ರೊಟ್ಟಿ, ಶೇಂಗಾ ಚಟ್ನಿ, ಹುಳಿ ಪುಂಡಿಪಲ್ಯ ಗಂಟಲು ಪೂರ್ತಿ ಮಾಯ್ದ ಮೇಲೆ. ರೇಡಿಯೇಷನ್ ನಡೆಯುವಾಗ ಖಾರ, ಹುಳಿ ಹತ್ತಿರವೂ ಬೇಡ.

ವಾರಕ್ಕೊಮ್ಮೆ ತೂಕ ಬರೆದಿಡಿ. ತೂಕ ಇಳಿಯುತ್ತಲೇ ಇದ್ದರೆ ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯದೆ ಹೇಳಿ. ಕೆಲವು ಹೊಸ ಸಂಗತಿಗಳಿಗೆ ಮನೆಯವರು ಬೆರಗಾಗುತ್ತಾರೆ: ಇವರು ಬಿಸಿ ಚಹಾವನ್ನು ಊದಿ ಆರಿಸಲಾರರು, ವಾಸನೆ ತಿಳಿಯುವುದಿಲ್ಲ, ಹಾಗಾಗಿ ರುಚಿಯೂ ಮಂಕು. ಗ್ಯಾಸ್ ಸೋರಿದರೂ ಗೊತ್ತಾಗುವುದಿಲ್ಲ. ಒಬ್ಬರನ್ನೇ ಮನೆಯಲ್ಲಿ ಬಿಟ್ಟು ಹೋಗುವಾಗ ರೆಗ್ಯುಲೇಟರ್ ಬಂದ್ ಮಾಡಿ. ತುಟಿ ಮುಚ್ಚಿಕೊಂಡು ದವಡೆ, ನಾಲಿಗೆ ಕೆಳಗಿಳಿಸಿ ಆಕಳಿಸುವ ಅಭ್ಯಾಸ ಮಾಡಿದರೆ ಮೂಗಿಗೆ ಸ್ವಲ್ಪ ಗಾಳಿ ಹೋಗಿ ವಾಸನೆ ಮರಳಬಹುದು. ಸ್ಪೀಚ್ ಥೆರಪಿಸ್ಟ್ ಇದನ್ನು ಹೇಳಿಕೊಡುತ್ತಾರೆ.

ಮಲಬದ್ಧತೆ ಆಗದಂತೆಯೂ ನೋಡಿ. ಉಸಿರು ಬಿಗಿ ಹಿಡಿದು ತಿಣುಕುವುದು ಇವರಿಗೆ ಕಷ್ಟ. ಅದೇ ಕಾರಣಕ್ಕೆ ತೊಗರಿ ಚೀಲ ಎತ್ತುವ ಕೆಲಸವೂ ಇನ್ನು ಮೊದಲಿನಂತೆ ಆಗದು.

ಮಾತು: ನಮ್ಮವರು ಬೇಗ ಕೈಬಿಡುವುದು ಇದನ್ನೇ

ಗಾಯ ಮಾಯುತ್ತದೆ, ಊಟ ಶುರುವಾಗುತ್ತದೆ. ಅಲ್ಲಿಗೆ ಎಲ್ಲ ಮುಗಿಯಿತು ಅಂತ ಮನೆಯವರು ತಿಳಿಯುತ್ತಾರೆ. "ಜೀವ ಉಳಿದದ್ದೇ ದೊಡ್ಡದು, ಮಾತು ಹೋದರೆ ಹೋಗಲಿ" ಅನ್ನುತ್ತಾರೆ. ನನಗೆ ಈ ಮಾತು ಒಪ್ಪಿಗೆ ಇಲ್ಲ. ಮಾತಿಲ್ಲದ ಮನುಷ್ಯ ಪಂಚಾಯ್ತಿ ಕಟ್ಟೆಗೆ ಹೋಗುವುದಿಲ್ಲ, ಫೋನ್ ಎತ್ತುವುದಿಲ್ಲ, ಮೆಲ್ಲಗೆ ಮನೆಯ ಒಳಕೋಣೆ ಸೇರುತ್ತಾನೆ. ಹೆಣ್ಣುಮಕ್ಕಳಾದರೆ ಕೇಳುವವರೂ ಇರುವುದಿಲ್ಲ. ಧ್ವನಿಪೆಟ್ಟಿಗೆ ಇಲ್ಲದೆಯೂ ಮಾತಾಡಲು ಮೂರು ದಾರಿ ಇವೆ.

ಒಂದು, ಧ್ವನಿ ಕವಾಟ. ಶ್ವಾಸನಾಳಕ್ಕೂ ಅನ್ನನಾಳಕ್ಕೂ ನಡುವೆ ಸಣ್ಣ ತೂತು ಮಾಡಿ ಒಂದೇ ಕಡೆ ತೆರೆಯುವ ಸಿಲಿಕೋನ್ ಕವಾಟ ಕೂರಿಸುತ್ತಾರೆ. ಕುತ್ತಿಗೆಯ ತೂತನ್ನು ಬೆರಳಿನಿಂದ ಮುಚ್ಚಿ ಉಸಿರು ಬಿಟ್ಟರೆ ಗಾಳಿ ಅನ್ನನಾಳಕ್ಕೆ ನುಗ್ಗಿ ಅದರ ಗೋಡೆ ಅದುರುತ್ತದೆ, ಧ್ವನಿ ಹುಟ್ಟುತ್ತದೆ. ಸ್ವಲ್ಪ ಗೊಗ್ಗರು, ಆದರೆ ಮಾತು ಸ್ಪಷ್ಟ. ಮೂರರಲ್ಲಿ ಸಹಜ ಮಾತಿಗೆ ಹೆಚ್ಚು ಹತ್ತಿರದ್ದು ಇದೇ. ಕವಾಟವನ್ನು ದಿನವೂ ಬ್ರಷ್‌ನಿಂದ ಸ್ವಚ್ಛ ಮಾಡಬೇಕು, ಕೆಲವು ತಿಂಗಳಿಗೊಮ್ಮೆ ಬದಲಿಸಬೇಕು. ನೀರು ಕುಡಿದಾಗೆಲ್ಲ ಕೆಮ್ಮು ಬಂದರೆ ಅದು ಸೋರುತ್ತಿದೆ ಅಂತ ಅರ್ಥ. ಕಳಚಿ ಕಾಣೆಯಾದರೆ ಶ್ವಾಸನಾಳಕ್ಕೆ ಬಿದ್ದಿರಬಹುದು, ಕೂಡಲೇ ಆಸ್ಪತ್ರೆ. ವಿದೇಶಿ ಕವಾಟ ದುಬಾರಿ. ಬೆಂಗಳೂರಿನ ಕ್ಯಾನ್ಸರ್ ಸರ್ಜನ್ ಡಾ. ವಿಶಾಲ್ ರಾವ್ ಸುಮಾರು 50 ರೂಪಾಯಿಯ "ಓಂ" ಎಂಬ ಕವಾಟ ರೂಪಿಸಿ ಸುದ್ದಿಯಾದದ್ದು ಈ ಕಾರಣಕ್ಕೇ. ನಿಮಗೆ ಯಾವುದು ಹೊಂದುತ್ತದೆ, ಯಾವುದು ಸಿಗುತ್ತದೆ ಅಂತ ಸರ್ಜನ್ ಹತ್ತಿರ ಬಾಯಿಬಿಟ್ಟು ಕೇಳಿ. ಬದಲಿಸಲು ಎಲ್ಲಿಗೆ ಹೋಗಬೇಕಾಗುತ್ತದೆ ಅನ್ನುವುದನ್ನೂ ಆಗಲೇ ಕೇಳಿ. ಕಲಬುರಗಿಯಲ್ಲೇ ಆಗುತ್ತದೋ, ಪ್ರತಿ ಸಲ ಬೆಂಗಳೂರೋ ಎನ್ನುವುದರ ಮೇಲೆ ನಿಮ್ಮ ಆಯ್ಕೆ ನಿಲ್ಲುತ್ತದೆ.

ಎರಡು, ಗಾಳಿ ನುಂಗಿ ಅನ್ನನಾಳದಿಂದ ತೇಗಿನಂತೆ ಹೊರಬಿಟ್ಟು ಮಾತು ಮಾಡುವುದು. ಖರ್ಚಿಲ್ಲ, ಯಂತ್ರ ಇಲ್ಲ. ಆದರೆ ತಿಂಗಳುಗಟ್ಟಲೆ ಅಭ್ಯಾಸ ಬೇಕು, ಎಲ್ಲರಿಗೂ ಒಲಿಯುವುದಿಲ್ಲ.

ಮೂರು, ಗದ್ದದ ಕೆಳಗೆ ಹಿಡಿಯುವ ಬ್ಯಾಟರಿ ಯಂತ್ರ. ಧ್ವನಿ ಯಂತ್ರದ್ದೇ ಅನ್ನಿಸುತ್ತದೆ, ಮಕ್ಕಳು ಮೊದಲು ನಗುತ್ತಾರೆ. ಆದರೆ ಬೇಗ ಕಲಿಯಬಹುದು.

ಯಾವುದಕ್ಕಾದರೂ ಸ್ಪೀಚ್ ಥೆರಪಿಸ್ಟ್ ಬೇಕು. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ 1965ರಿಂದ ಇದೇ ಕೆಲಸ ಮಾಡುತ್ತಿದೆ. ಅಷ್ಟು ದೂರ ಆಗದವರಿಗೆ ಆನ್‌ಲೈನ್ ತರಬೇತಿಗೆ ಅಲ್ಲಿ ವಿಚಾರಿಸಬಹುದು.

ಅಲ್ಲಿಯ ತನಕ ಸ್ಲೇಟು, ಬಳಪ, ಮೊಬೈಲ್. ಓದು ಬಾರದವರಿಗೆ ನೀರು, ನೋವು, ಪೈಪ್, ಸಂಡಾಸು ಅಂತ ಚಿತ್ರ ಬರೆದ ಹಲಗೆ. ತಲೆಹತ್ತಿರ ಒಂದು ಗಂಟೆ ಅಥವಾ ಬೆಲ್ ಇಡಿ, ರಾತ್ರಿ ಕೂಗಲು ಆಗುವುದಿಲ್ಲ ಅಲ್ವಾ. ಅವರು ಹೇಳುವ ಮೊದಲೇ ನೀವೇ ಉತ್ತರ ಕೊಟ್ಟು ಮುಗಿಸಬೇಡಿ, ಕಾಯಿರಿ. ಕಿವಿ ಸರಿ ಇರುತ್ತದೆ, ಕಿರುಚಿ ಮಾತಾಡುವ ಅಗತ್ಯ ಇಲ್ಲ.

ಸಿಟ್ಟು, ಅಳು, ಊಟ ಬೇಡ ಅನ್ನುವುದು ಸಹಜ. ವಾರಗಟ್ಟಲೆ ಹೀಗೇ ಇದ್ದರೆ ವೈದ್ಯರಿಗೆ ಹೇಳಿ. ಮನೆಯವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ (14416) ಫೋನ್ ಮಾಡಿ ಕನ್ನಡದಲ್ಲೇ ಸಲಹೆ ಕೇಳಬಹುದು. ನೋಡಿಕೊಳ್ಳುವವರಿಗೂ ಅದೇ ನಂಬರ್.

ಭುಜ, ಹಲ್ಲು, ರೇಡಿಯೇಷನ್

ಕುತ್ತಿಗೆಯ ಗಂಟು ತೆಗೆದವರಿಗೆ ಭುಜ ಜೋತು ಬೀಳುತ್ತದೆ, ಕೈ ಮೇಲೆತ್ತಲು ನೋವು. ವೈದ್ಯರು ಒಪ್ಪಿದ ದಿನದಿಂದ ಫಿಸಿಯೊಥೆರಪಿ ಶುರು ಮಾಡಿ. ಬಿಟ್ಟರೆ ಭುಜ ಬಿಗಿದುಕೊಳ್ಳುತ್ತದೆ.

ರೇಡಿಯೇಷನ್ ಬೇಕು ಅಂದಿದ್ದರೆ, ಆಪರೇಷನ್ ಆದ ಸುಮಾರು ಆರು ವಾರದೊಳಗೆ ಶುರುವಾಗಬೇಕು. ವಾರಕ್ಕೆ ಐದು ದಿನದಂತೆ ಆರು-ಏಳು ವಾರ. "ರಾಶಿ ಮುಗಿಸಿ ಬರ್ತೀವಿ", "ಲಗ್ನ ಮುಗೀಲಿ" ಅಂತ ಮುಂದೂಡಬೇಡಿ, ತಡ ಆದಷ್ಟೂ ರೋಗ ಮರಳುವ ಸಾಧ್ಯತೆ ಜಾಸ್ತಿ. ಬೆಂಗಳೂರಿನ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆ ಕಿದ್ವಾಯಿಯ ಕೇಂದ್ರ ಕಲಬುರಗಿಯಲ್ಲೇ ಇದೆ. ಆಪರೇಷನ್ ಬೇರೆ ಊರಿನಲ್ಲಿ ಆಗಿದ್ದರೂ ಮುಂದಿನ ಚಿಕಿತ್ಸೆ ಇಲ್ಲಿ ಆಗುತ್ತದೆಯೇ ಅಂತ ಸರ್ಜನ್‌ಗೆ ಕೇಳಿ ಕಾಗದ ಬರೆಸಿಕೊಳ್ಳಿ. ಕೆಟ್ಟ ಹಲ್ಲನ್ನು ರೇಡಿಯೇಷನ್‌ಗೆ ಮೊದಲೇ ಕೀಳಿಸಬೇಕು. ಆಮೇಲೆ ಕಿತ್ತರೆ ದವಡೆ ಮೂಳೆ ಕೊಳೆಯುವ ಅಪಾಯ ವರ್ಷಗಟ್ಟಲೆ ಇರುತ್ತದೆ.

ಬೀಡಿ, ಗುಟ್ಕಾ, ತಂಬಾಕು, ಸೆರೆ ಪೂರ್ತಿ ಬಂದ್. ಕುತ್ತಿಗೆಯ ತೂತಿನಿಂದಲೇ ಬೀಡಿ ಸೇದುವವರೂ ಇದ್ದಾರೆ. ಬೈದರೆ ಬಿಡುವುದಿಲ್ಲ. ತಂಬಾಕು ಬಿಡಿಸುವ ಉಚಿತ ಸಹಾಯವಾಣಿ 1800-11-2356.

ಕಾಗದ ಪತ್ರ

ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಚಿಕಿತ್ಸೆಗೆ, ತಪಾಸಣೆಗೆ ಹೋಗುವ ಕ್ಯಾನ್ಸರ್ ರೋಗಿಗೆ ರೈಲಿನ ಸ್ಲೀಪರ್, ಥರ್ಡ್ ಎಸಿಯಲ್ಲಿ ಪೂರ್ತಿ ರಿಯಾಯಿತಿ, ಜೊತೆಗಾರರಿಗೆ 75 ಶೇಕಡಾ. ಅದಕ್ಕೆ ಆಸ್ಪತ್ರೆಯಿಂದ ನಿಗದಿತ ನಮೂನೆಯ ಸರ್ಟಿಫಿಕೇಟ್ ಬೇಕು. ಜೊತೆಗೆ ಹೋಗುವುದು ಹೆಣ್ಣುಮಗಳಾದರೆ ಕೆಕೆಆರ್‌ಟಿಸಿಯ ಸಾಮಾನ್ಯ ಬಸ್ಸಿನಲ್ಲಿ ಶಕ್ತಿ ಯೋಜನೆಯ ಉಚಿತ ಪ್ರಯಾಣ ಇದೆ.

ಹೆಚ್ಚು ಜನ ಬಿಟ್ಟುಬಿಡುವುದು ಇನ್ನೊಂದು. ಧ್ವನಿಪೆಟ್ಟಿಗೆ ತೆಗೆದದ್ದರಿಂದ ಬಂದ ಮಾತಿನ ತೊಂದರೆಯನ್ನು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅಂಗವೈಕಲ್ಯ ಎಂದೇ ಹೆಸರಿಸಿದೆ. ಯುಡಿಐಡಿ ಕಾರ್ಡ್‌ಗೆ (ಅಂಗವಿಕಲರ ಗುರುತಿನ ಚೀಟಿ) ಆನ್‌ಲೈನ್ ಅರ್ಜಿ ಹಾಕಿ, ವೈದ್ಯರ ಮುಂದೆ ತಪಾಸಣೆಗೆ ಹೋಗಿ. ಪಿಂಚಣಿ, ಬಸ್ ಪಾಸ್ ಎಲ್ಲಕ್ಕೂ ಅದೇ ಬುಡ.

ತಪಾಸಣೆ ಮೊದಲ ವರ್ಷ ಒಂದರಿಂದ ಮೂರು ತಿಂಗಳಿಗೊಮ್ಮೆ, ಆಮೇಲೆ ಅಂತರ ಹೆಚ್ಚುತ್ತದೆ, ಐದು ವರ್ಷದ ನಂತರ ವರ್ಷಕ್ಕೊಮ್ಮೆ. ರೇಡಿಯೇಷನ್ ಆದವರು, ಥೈರಾಯ್ಡ್ ಭಾಗ ತೆಗೆದವರು ಆರರಿಂದ ಹನ್ನೆರಡು ತಿಂಗಳಿಗೊಮ್ಮೆ ಥೈರಾಯ್ಡ್ ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ತೋರಿಸುವ ಟಿಎಸ್‌ಎಚ್ ರಕ್ತ ಪರೀಕ್ಷೆ ಮಾಡಿಸಲೇಬೇಕು. ಸುಸ್ತು, ಚಳಿ, ಮಂಕು ಅಂತ ಕೂತವರಿಗೆ ಎಷ್ಟೋ ಸಲ ಬೇಕಾಗಿರುವುದು ದಿನಕ್ಕೊಂದು ಥೈರಾಯ್ಡ್ ಮಾತ್ರೆ.